ವ್ಯಾನಿನ ಪಕ್ಕದ ಬಲೆಮನೆ

ಕಳೆದ ಫೆಬ್ರವರಿಯ ಒಂದು ಶನಿವಾರ ಸಂಜೆ, ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿ ಕೆರೆಯ ಹತ್ತಿರದ ಬಯಲಿನಲ್ಲಿ ನಿಲ್ಲಿಸಿದ್ದ ನಮ್ಮ ವ್ಯಾನಿನ ಮುಂದೆ ಊರಿನವರು ಕಣ್ಣಿನ ತಪಾಸಣೆಗೆಂದು ಬಂದು ಕುಳಿತರು. ನಮ್ಮಲ್ಲಿ ಕಣ್ಣಿನ ಡಾಕ್ಟರು ಇರಲಿಲ್ಲ. ಇದ್ದವರು ಇಬ್ಬರೇ: ಪತ್ರಿಕೆಯೊಂದರ ವರದಿಗಾರನಾಗಿದ್ದು ನಿವೃತ್ತನಾದ ನಾನು, ಮತ್ತು ನನ್ನ ಹೆಂಡತಿ ವಿಮಲಾ. ಇಬ್ಬರಿಗೂ ಕನ್ನಡಕವಿದೆ. ಜನರ ನಂಬಿಕೆಗೆ ಅದೂ ಒಂದು ಕಾರಣವಾಗಿರಬಹುದು. ಮುಖ್ಯ ಕಾರಣ ಮಾತ್ರ ನಾವು ವ್ಯಾನಿನ ಪಕ್ಕಕ್ಕೆ ಕಟ್ಟಿದ್ದ ಬಿಳಿ ಚಾವಣಿಯ ಸ್ಕ್ರೀನ್ ರೂಮ್.

ಇದಕ್ಕೊಂದು ಹಿನ್ನೆಲೆ ಇದೆ. ನಿವೃತ್ತನಾದ ಮೇಲೆ ನಾನು ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಬೀರೂರಿನ ಗ್ಯಾರೇಜಿನಲ್ಲಿ ಸೀಟುಗಳನ್ನು ಕಿತ್ತುಹಾಕಿಸಿ, ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿದೆ. ಗಾಡಿಯಲ್ಲೇ ಮಲಗುವ, ಅಲ್ಲೇ ಅಡುಗೆ ಮಾಡುವ ಯೋಜನೆ ಕೇಳಿ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು, "ಸಾರ್, ಮನೇಲಿ ಏನಾರ ತೊಂದ್ರೆನಾ?" ಎಂದು ಮೆಲ್ಲಗೆ ವಿಚಾರಿಸಿದ. ತೊಂದರೆ ಇರಲಿಲ್ಲ. ಅದು ಶುರುವಾದದ್ದು ಮೊದಲ ಪ್ರವಾಸದಲ್ಲಿ. ತರೀಕೆರೆ ಕಡೆಯ ಲಿಂಗದಹಳ್ಳಿಯ ಹತ್ತಿರ ಕಾಡಂಚಿನಲ್ಲಿ ಗಾಡಿ ನಿಲ್ಲಿಸಿ, ಕುರ್ಚಿ ಹಾಕಿಕೊಂಡು ಕೂತೆವು. ಕಾಫಿ ಕುದಿಯುವುದಕ್ಕೆ ಮೊದಲೇ ಸೊಳ್ಳೆಗಳು ಬಂದವು. ಹಿಂದಿನ ವರ್ಷವಷ್ಟೇ ಸೊಳ್ಳೆ ಕಚ್ಚಿ ಜ್ವರ ಬಂದು, ಕೀಲುನೋವಿನಿಂದ ತಿಂಗಳುಗಟ್ಟಲೆ ದೋಸೆ ಮಗುಚುವ ಕೈಯನ್ನೂ ಎತ್ತಲಾಗದೆ ಮಲಗಿದ್ದವಳು ವಿಮಲಾ. ಕಾಫಿಯನ್ನು ಹಾಗೇ ಬಿಟ್ಟು ಕಡೂರಿಗೆ ವಾಪಸು ಬಂದೆವು. ಮನೆ ಬಾಗಿಲಿನಲ್ಲೇ ಅವಳು ತೀರ್ಮಾನ ಹೇಳಿದಳು: "ಇನ್ನೊಂದ್ಸಲ ಬತ್ತೀನಿ. ಅವತ್ತೂ ಕಚ್ತೋ, ಈ ಗಾಡಿ ಮಾರ್ಬಿಡಿ. ಚರ್ಚೆ ಬೇಡ."

ನಾನು ಚರ್ಚಿಸಲಿಲ್ಲ. ಸ್ಕ್ರೀನ್ ರೂಮ್ ತರಿಸಿದೆ. ಹಾಗೆಂದರೆ ವ್ಯಾನಿನ ಮಗ್ಗುಲಿಗೆ ಜೋಡಿಸುವ ಬಟ್ಟೆಯ ಕೋಣೆ. ಮೇಲೆ ಬಿಳಿ ಚಾವಣಿ, ಮೂರು ಕಡೆ ಸೊಳ್ಳೆ ಪರದೆಯಂಥ ಬಲೆ, ನಾಲ್ಕನೆಯ ಕಡೆ ವ್ಯಾನಿನ ಮೈಯೇ ಗೋಡೆ, ಎದುರಿಗೆ ಜಿಪ್ ಹಾಕುವ ಬಾಗಿಲು. ವಿಮಲಾ ಅದಕ್ಕೆ ಬಲೆಮನೆ ಎಂದು ಹೆಸರಿಟ್ಟಳು. ಡಬ್ಬದ ಮೇಲಿನ ಚಿತ್ರದಲ್ಲಿ ಒಬ್ಬಾಕೆ ನಗುನಗುತ್ತ ಒಂದೇ ಕೈಯಲ್ಲಿ ಕಂಬ ನಿಲ್ಲಿಸುತ್ತಿದ್ದಳು. ಬುಕ್ಕಾಂಬುಧಿಯಲ್ಲಿ ವಿಮಲಾ ಎರಡೂ ಕೈಯಲ್ಲಿ ನಿಲ್ಲಿಸಿದಳು, ನಗಲಿಲ್ಲ. ಒಣಗಿ ಬಿಗಿದಿದ್ದ ನೆಲಕ್ಕೆ ಗೂಟ ಇಳಿಯದೆ ಹಗ್ಗಗಳನ್ನು ಕಲ್ಲುಗಳಿಗೆ ಕಟ್ಟಿದೆವು. ಕೆರೆಯ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಚಾವಣಿ ಎದ್ದು ಕೂರುತ್ತಿತ್ತು. ವ್ಯಾನಿನ ಕೆಳಗೆ ಚಕ್ರಗಳ ನಡುವೆ ದೊಡ್ಡ ಸಂದು ಉಳಿದಿತ್ತು. ಸೊಳ್ಳೆಗೆ ಅದು ಹೆದ್ದಾರಿ. ಗೋಣಿಚೀಲ, ಹಳೆ ಜಮಖಾನ, ಕೊನೆಗೆ ನನ್ನ ಒಂದು ಪಂಚೆ ತುರುಕಿದ ಮೇಲೆ ಅದು ಮುಚ್ಚಿತು. ಜಿಪ್ ಎಳೆದು ಒಳಗೆ ಕೂತಾಗ ಒಂದೇ ಒಂದು ಸೊಳ್ಳೆ ಇರಲಿಲ್ಲ. ಕೆರೆಯ ನೀರು ಬಲೆಯ ಆಚೆ ಮಸುಕಾಗಿ ಕಾಣುತ್ತಿತ್ತು. ವಿಮಲಾ ಕಾಫಿಯನ್ನು ಪೂರ್ತಿ ಕುಡಿದಳು. ವ್ಯಾನು ಉಳಿಯಿತು ಎಂದುಕೊಂಡೆ.

ಆಗ ಬಂದವರು ಗೌರಮ್ಮ. ಹಣ್ಣು ಹಣ್ಣು ಮುದುಕಿ, ಕೈಯಲ್ಲಿ ಕನ್ನಡಕದ ಡಬ್ಬಿ. ಚಪ್ಪಲಿಯನ್ನು ಬಲೆಯ ಹೊರಗೆ ಬಿಟ್ಟು, "ಏನಪ್ಪಾ, ಚೀಟಿ ಎಲ್ಲಿ ಕೊಡ್ತೀರಿ?" ಎಂದರು.

"ಯಾವ ಚೀಟಿ ಅಜ್ಜಿ?"

"ಕಣ್ ನೋಡಕ್ಕೆ."

"ಇದು ಶಿಬಿರ ಅಲ್ಲ ಅಜ್ಜಿ. ನಾವು ಇಲ್ಲಿ ಸುಮ್ನೆ ಇರೋಕೆ ಬಂದಿದ್ದೀವಿ."

"ಸುಮ್ನೆ ಇರಕ್ಕೆ ಇಷ್ಟ್ ದೂರ ಯಾಕೆ ಬಂದ್ರಿ? ಮನೇಲಿ ಆಗಕಿಲ್ವಾ?"

ಅಧಿಕಾರಿಗಳಿಗೆ ಇಂಥ ಪ್ರಶ್ನೆಗಳನ್ನು ಕೇಳಿಯೇ ಬದುಕಿದವನು ನಾನು. ಉತ್ತರ ಕೊಡುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಗೌರಮ್ಮನವರ ತಪ್ಪೂ ಇರಲಿಲ್ಲ. ನಮ್ಮ ಕಡೆ ವ್ಯಾನಿನ ಪಕ್ಕ ಬಿಳಿ ಬಟ್ಟೆಯ ಡೇರೆ ಎದ್ದಿತೆಂದರೆ ಅಲ್ಲಿ ಒಂದೋ ಕಣ್ಣು ನೋಡುತ್ತಾರೆ, ಇಲ್ಲವೇ ಆಧಾರ್ ತಿದ್ದುತ್ತಾರೆ, ಇಲ್ಲವೇ ದನಗಳಿಗೆ ಚುಚ್ಚುಮದ್ದು ಹಾಕುತ್ತಾರೆ. ಯಾರೋ ದಂಪತಿ ಕಾಫಿ ಕುಡಿಯಲು ಇಷ್ಟೆಲ್ಲ ಕಟ್ಟುತ್ತಾರೆಂದು ಯಾರು ಊಹಿಸಿಯಾರು? ಅಷ್ಟರಲ್ಲಿ ಇನ್ನೂ ಕೆಲವರು ಬಂದು ಸಾಲಾಗಿ ಕೂತರು. ಕರುವಿನ ಹಗ್ಗ ಹಿಡಿದಿದ್ದ ಪರಮೇಶಣ್ಣ ಎಂಬವರು ನನ್ನ ಸ್ಪಷ್ಟೀಕರಣವನ್ನು ಗಮನವಿಟ್ಟು ಕೇಳಿ, "ಕಣ್ಣಿಂದಲ್ಲ, ಸರಿ. ಹಂಗಾದ್ರೆ ದನದ್ದಾ?" ಎಂದರು.

ಯಾವುದೂ ಅಲ್ಲವೆಂದು ಖಚಿತವಾದ ಮೇಲೂ ಯಾರೂ ಏಳಲಿಲ್ಲ. ಬಂದದ್ದಾಗಿದೆ, ಮಾತಾಡಿಸಿಕೊಂಡೇ ಹೋಗೋಣ ಎಂಬ ಭಾವ. ನಾವು ಒಳಗೆ, ಅವರು ಹೊರಗೆ, ನಡುವೆ ಬಲೆ. ಯಾವ ಊರು, ಎಷ್ಟು ಮಕ್ಕಳು ಎನ್ನುವವರೆಗೆ ನಡೆಯಿತು. ಆಮೇಲೆ ವಿಮಲಾ ಪಿಸುಗುಟ್ಟಿದಳು: "ಜೈಲಲ್ಲಿರೋರನ್ನ ಮಾತಾಡ್ಸಿದಂಗೆ ಆಗ್ತಿದೆ ಕಣ್ರೀ. ಒಳಗೆ ಕರೀರಿ."

"ಕರೆದ್ರೆ ಜಿಪ್ ತೆಗೀಬೇಕು ಕಣೇ."

"ತೆಗೀರಿ. ಮನೆ ಮುಂದೆ ಬಂದೋರನ್ನ ಹೊರಗೆ ಕೂರ್ಸಿ ಕಾಫಿ ಕುಡೀತಾರಾ ಯಾರಾದ್ರೂ?"

ತೆಗೆದೆ. ಅವರು ಒಳಗೆ ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಷ್ಟವಾದದ್ದು ಹೊರಗೆ ಹೋಗುವುದು. ನಮ್ಮ ಸೀಮೆಯಲ್ಲಿ ನಿಜವಾದ ಮಾತು ಶುರುವಾಗುವುದೇ "ಬತ್ತೀನಿ" ಎಂದ ಮೇಲೆ. ಗೌರಮ್ಮ "ಬತ್ತೀನಿ ಕಣವ್ವ" ಎಂದು ಎದ್ದು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು, ಬಲೆಯ ಬಾಗಿಲನ್ನು ಸೆರಗಿನಂತೆ ಹೆಗಲ ಮೇಲೆ ಹಾಕಿಕೊಂಡು ನಿಂತರು. ಆಗ ಅವರಿಗೆ ಸೊಸೆಯ ವಿಷಯ ನೆನಪಾಯಿತು. ಸೊಸೆಯಿಂದ ಮೊಮ್ಮಗಳ ಮದುವೆ, ಅಲ್ಲಿಂದ ವಿಮಲಾಳ ಕೀಲುನೋವು. ಕೀಲುನೋವು ಎಂದದ್ದೇ ತಡ, ಆಗಲೇ ಹೊರಟು ನಿಂತಿದ್ದವರೂ ತಮ್ಮ ತಮ್ಮ ಮಂಡಿಗಳ ಸಮಾಚಾರದೊಂದಿಗೆ ಬಾಗಿಲಿಗೆ ವಾಪಸು ಬಂದರು. ಮಾತಾಡುತ್ತ ನಿಂತವರ ಮುಖದ ಮೇಲೆ ಜಿಪ್ ಎಳೆಯುವಷ್ಟು ಗಟ್ಟಿತನ ನನಗಿಲ್ಲ. "ಜಿಪ್ಪು, ಜಿಪ್ಪು" ಎಂದು ಎರಡು ಸಲ ಹೇಳಿ ನೋಡಿದೆ. ಅಜ್ಜಿ, "ಏನೋ ಕಳ್ಕಂಡವ್ರೆ, ಹುಡುಕ್ಕೊಡವ್ವ" ಎಂದು ವಿಮಲಾಳಿಗೆ ಹೇಳಿದರು. ಕೆರೆಯ ಮೇಲೆ ಕತ್ತಲು ಇಳಿಯುತ್ತಿತ್ತು. ಚಟ್ ಎಂದು ಮೊಣಕೈಗೆ ಹೊಡೆದುಕೊಂಡ ಸದ್ದು ವಿಮಲಾ ಇದ್ದ ಕಡೆಯಿಂದ ಬಂತು. ನಾನು ನೋಡಲಿಲ್ಲ. ಕೇಳಿದ್ದನ್ನಷ್ಟೇ ವರದಿ ಮಾಡುತ್ತಿದ್ದೇನೆ.

ಎಲ್ಲರೂ ಹೋದ ಮೇಲೆ ಜಿಪ್ ಎಳೆದೆ. ಸ್ಕ್ರೀನ್ ರೂಮ್ ಆಗ ತಯಾರಿಸಿದವರು ಹೇಳಿಕೊಂಡಂತೆಯೇ ಕೆಲಸ ಮಾಡಿತು: ಒಂದು ಸೊಳ್ಳೆಯೂ ಬಲೆ ದಾಟಲಿಲ್ಲ. ಎಲ್ಲವೂ ಒಳಗೇ ಇದ್ದವು. ನಾವು ವ್ಯಾನು ಹತ್ತಿ ಬಾಗಿಲು ಹಾಕಿಕೊಂಡು ಮಲಗಿದೆವು.

ಬೆಳಗ್ಗೆ ರೂಮನ್ನು ಅದರ ಚೀಲಕ್ಕೆ ತುಂಬಲು ಹೊರಟೆ. ಅದು ಬಂದದ್ದು ಆ ಚೀಲದಲ್ಲೇ ಎಂಬುದನ್ನು ನಾನೇ ಕಣ್ಣಾರೆ ಕಂಡಿರದಿದ್ದರೆ ನಂಬುತ್ತಿರಲಿಲ್ಲ. ಅದರ ಮೇಲೆ ಮಂಡಿಯೂರಿ ಕೂತೇ, ಹೇಗಿದ್ದರೂ ಬರುವ ತೀರ್ಪನ್ನು ಕೇಳಿಬಿಡೋಣವೆಂದು, "ಗಾಡಿ ಮಾರೋಕೆ ಯಾರಿಗೆ ಹೇಳ್ಲಿ?" ಎಂದೆ.

"ಯಾಕೆ ಮಾರ್ತೀರಿ? ಮುಂದಿನ ತಿಂಗಳು ಬತ್ತೀವಿ ಅಂತ ಗೌರಮ್ಮಂಗೆ ಮಾತು ಕೊಟ್ಟಿದ್ದೀನಿ."

"ಕಚ್ತಲ್ಲ ನಿಂಗೆ?"

"ಕಚ್ತು. ಉದ್ದ ತೋಳಿನ ರವಿಕೆ ಹಾಕ್ಕೋತೀನಿ, ಮುಲಾಮು ಹಚ್ಕೋತೀನಿ." ಬಿಚ್ಚಿದ ಹಗ್ಗವನ್ನು ಸುತ್ತುತ್ತ ಹೇಳಿದಳು: "ಅಷ್ಟು ದಿವ್ಸ ಮಲಗಿದ್ನಲ್ರೀ. ಎಲ್ಲಾ ಫೋನಲ್ಲೇ ಹೆಂಗಿದ್ದೀಯ ಅಂತ ಕೇಳಿ ಇಟ್ಬಿಡೋರು. ನಿನ್ನೆ ಅಷ್ಟು ಜನ ಮುಂದೆ ನಿಂತು ಕೇಳಿದ್ರು. ನೀವು ನೋಡಿದ್ರೆ ಜಿಪ್ಪು ಅಂತೀರಿ."

ಸ್ಕ್ರೀನ್ ರೂಮ್ ಕೊಳ್ಳಬಹುದೇ ಎಂದು ಪರಿಚಿತರು ಈಗಲೂ ವಿಚಾರಿಸುತ್ತಾರೆ. ಎರಡೂ ಕಡೆಯದನ್ನು ಹೇಳುತ್ತೇನೆ. ನೆರಳು ಕೊಡುತ್ತದೆ. ಊಟದ ತಟ್ಟೆಗೆ ನೊಣ ಬಾರದು. ಬೆಳಗಿನ ಇಬ್ಬನಿಗೆ ಕುರ್ಚಿ ನೆನೆಯದು. ಜೋರು ಗಾಳಿಯಿದ್ದರೆ ಕಟ್ಟಬಾರದು, ವ್ಯಾನಿನ ಅಡಿಯನ್ನು ಮುಚ್ಚದೆ ಕೂರಬಾರದು. ಯಾರೂ ಮಾತಾಡಿಸದ ಜಾಗದಲ್ಲಿ ಇಳಿಯುವವರು ಧಾರಾಳವಾಗಿ ಕೊಳ್ಳಬಹುದು. ಅಂಥ ಜಾಗ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳಲ್ಲಿ ನನಗೆ ಕಂಡಿಲ್ಲ.

ಸದ್ಯದ ಮಾಹಿತಿಯಂತೆ, ನಿನ್ನೆ ಬೆಳಗ್ಗೆ ವ್ಯಾನು ಬುಕ್ಕಾಂಬುಧಿಗೆ ಹೊರಟಿದೆ. ಅದರಲ್ಲಿ ವಿಮಲಾ ಮತ್ತು ಅವಳ ತಂಗಿ ಇದ್ದಾರೆ. ಓಡಿಸುತ್ತಿರುವುದು ತಂಗಿಯ ಗಂಡ. ಸ್ಕ್ರೀನ್ ರೂಮ್ ಕಡೂರಿನ ನಮ್ಮ ಮನೆಯ ತಾರಸಿಯ ಮೇಲೆ, ವ್ಯಾನಿನ ಬದಲು ಮೆಟ್ಟಿಲ ಕೋಣೆಯ ಗೋಡೆಗೆ ಒರಗಿ ನಿಂತಿದೆ. ಒಳಗೆ ಅಕ್ಕಿ ಸಂಡಿಗೆ ಒಣಗುತ್ತಿದೆ. ಕಾಯಲು ನನ್ನನ್ನು ಹೊರಗೆ ಕೂರಿಸಲಾಗಿದೆ.