ನಾಲ್ಕನೇ ಪುಟದ ತಪ್ಪು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನಮ್ಮ ಮೇಷ್ಟ್ರ ಎದುರು ಕೋಣೆಯವನ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿ. ಮಧ್ಯಾಹ್ನ ಮೂರಕ್ಕೆ ಅವನ ಉಪನ್ಯಾಸ, ವಿಭಾಗದ ಮುಖ್ಯಸ್ಥರೂ ಬರುತ್ತಾರೆ ಎಂದಿತ್ತು. ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಖಾಲಿ ಇದ್ದದ್ದು ಒಂದೇ ಪ್ರಾಧ್ಯಾಪಕ ಹುದ್ದೆ. ಅರ್ಜಿ ಹಾಕಿದವರು ಇಬ್ಬರೇ, ಅವನು ಮತ್ತು ಮೇಷ್ಟ್ರು.

ಅಂಕಿಅಂಶದ ಚುಕ್ಕಿಗಳ ನಡುವೆ ಹಾಯುವ ಗೆರೆಯ ಆಕಾರವನ್ನು ಮೊದಲೇ ಊಹಿಸಿಕೊಳ್ಳದೆ, ಚುಕ್ಕಿಗಳು ಹೇಳಿದಂತೆ ಎಳೆಯುವುದು ಮೇಷ್ಟ್ರ ಕಸುಬು. ಮನುಷ್ಯರ ವಿಷಯದಲ್ಲಿ ಮಾತ್ರ ಈ ಸಂಯಮ ಅವರಿಗಿರಲಿಲ್ಲ. ಎದುರು ಕೋಣೆಯವನು ಹನ್ನೆರಡು ವರ್ಷ ಚಿಕ್ಕವನು, ತಲೆತುಂಬ ಕೂದಲು, ವರ್ಷಕ್ಕೆ ಐದು ಲೇಖನ. ಇವನಲ್ಲೇನೋ ಮೋಸವಿದೆ ಎನ್ನಲು ಇನ್ನೇನು ಬೇಕು? ಹೊಟ್ಟೆಕಿಚ್ಚಿನಲ್ಲಿ ಅವರು ತಿಂಡಿಗೂ ಹೋಗಲಿಲ್ಲ.

ಅವನು ಅಂದು ಮಂಡಿಸಲಿದ್ದ ಲೇಖನ ಮುದ್ರಿಸಿಕೊಂಡು, ಕೆಂಪು ಪೆನ್ನು ಹಿಡಿದು ಕೂತರು. ಹನ್ನೊಂದಕ್ಕೆ ನಾಲ್ಕನೇ ಪುಟದಲ್ಲಿ ಸಿಕ್ಕೇಬಿಟ್ಟಿತು. ಒಂದೇ ಅಂಕಿಗಳಿಂದ ಹುಟ್ಟಿದ ಎರಡು ಮೊತ್ತಗಳನ್ನು, ಒಡಹುಟ್ಟಿದವರನ್ನು ಅಪರಿಚಿತರೆಂದ ಹಾಗೆ, ಸಂಬಂಧವೇ ಇಲ್ಲವೆಂದು ಗುಣಿಸಲಾಗಿತ್ತು. ಐದನೇ ಪುಟ ತಿರುವುವ ತಾಳ್ಮೆ ಇನ್ನು ಯಾರಿಗಿದೆ?

ಪಕ್ಕದ ಕೋಣೆಯ ಬೀಜಗಣಿತದ ಮೇಡಂ ಬಂದು ನೋಡಿ, ತಪ್ಪು ಹೌದೆಂದರು. ಯಾರಿಗೂ ಹೇಳುವುದಿಲ್ಲ ಎಂದವರು ಊಟದ ಹೊತ್ತಿಗೆ ಗ್ರಂಥಾಲಯದವರೆಗೂ ಡಂಗುರ ಸಾರಿದ್ದರು. ಆ ಹುಡುಗನನ್ನು ಪಕ್ಕಕ್ಕೆ ಕರೆದು ಹೇಳಿಬಿಡಿ ಎಂದು ಮೇಷ್ಟ್ರ ಹೆಂಡತಿ ಫೋನಿನಲ್ಲಿ ಬುದ್ಧಿ ಹೇಳಿದರು. ನಾಲ್ಕು ಜನರೆದುರು ಹೇಳದಿದ್ದರೆ ಕಂಡುಹಿಡಿದು ಏನು ಬಂತು ಎಂದು ಮೇಷ್ಟ್ರು ಫೋನಿಟ್ಟರು.

ಮೂರು ಗಂಟೆಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಲ್ಕನೇ ಪುಟ ಪರದೆಯ ಮೇಲೆ ಬರುತ್ತಿದ್ದಂತೆ ಮೇಷ್ಟ್ರು ಎದ್ದು ನಿಂತು, ತಪ್ಪನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ಕೊನೆಗೆ ಮುಖ್ಯಸ್ಥರ ಕಡೆ ತಿರುಗಿದರು.

“ಈ ಹೆಜ್ಜೆ ಬರೆದವರಿಗೆ ಹುದ್ದೆ ಇರ್ಲಿ, ಮೊದಲ ವರ್ಷದ ಪಾಠಾನೂ ಕೊಡಬಾರ್ದು.”

ಮುಖ್ಯಸ್ಥರು ಬರೆದುಕೊಂಡರು. ಎದುರು ಕೋಣೆಯವನ ಮುಖ ಕೆಂಪಗಾಯಿತು.

“ಸರ್, ಆ ಹೆಜ್ಜೆ ನಂದಲ್ಲ. ನಿಮ್ಮ ಪಿಎಚ್‌ಡಿ ಪ್ರಬಂಧದ್ದು, ಕೊನೇ ಪುಟದಲ್ಲಿ ನಿಮ್ಮ ಹೆಸರೂ ಹಾಕಿದೀನಿ. ನಿಮ್ದಲ್ವಾ ಅಂತ ಕಣ್ಣುಮುಚ್ಚಿ ನಂಬ್ಬಿಟ್ಟೆ.”

ಅವನು ಒಂದು ಕ್ಷಣ ಯೋಚಿಸಿ, ಹಲಗೆಯ ಮೇಲೆ ಮೂರು ಸಾಲು ಗೀಚಿದ. ಆ ಹೆಜ್ಜೆ ಇಲ್ಲದೆಯೂ ಅವನ ಪ್ರಮೇಯ ನಿಂತಿತು, ಮೊದಲಿಗಿಂತ ಗಟ್ಟಿಯಾಗಿ. ಮೇಷ್ಟ್ರ ಇಪ್ಪತ್ತೆರಡು ವರ್ಷದ ಲೇಖನಗಳಿಗೆ ಆ ಭಾಗ್ಯವಿರಲಿಲ್ಲ. ಅವೆಲ್ಲ ನಿಂತಿದ್ದುದೇ ಆ ಹೆಜ್ಜೆಯ ಮೇಲೆ.

ಮುಖ್ಯಸ್ಥರು ಮೇಷ್ಟ್ರ ಹತ್ತಿರ ಬಂದು ತಮ್ಮ ಪುಸ್ತಕ ಮುಂದೆ ಹಿಡಿದರು.

“ನಿಮ್ಮ ಮಾತನ್ನ ಹಾಗೇ ಬರ್ಕೊಂಡಿದೀನಿ, ಮೇಷ್ಟ್ರೇ. ಆಯ್ಕೆ ಸಮಿತಿಗೆ ಕಳಿಸ್ಬೇಕು, ಇಲ್ಲೊಂದು ರುಜು ಹಾಕಿ.”