ಏಳು ಡಬ್ಬಿಗೆ ಏಳು ಸಹಿ

ಮೊಮ್ಮಕ್ಕಳೇ, ಸಿಂಧು, ವೀರೇಶ, ನಿಮ್ಮ ಆಯಿ ನಾಲ್ಕು ಜನರ ಎದುರು ಬಾಯಿ ತೆರೆಯುವವಳಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಇಳಿಯುವ ಊರು ಬಂದರೂ ಕಂಡಕ್ಟರನಿಗೆ ಹೇಳಲು ನಾಚಿ, ಮುಂದಿನ ಊರಲ್ಲಿ ಇಳಿದು ಬಿಸಿಲಲ್ಲಿ ನಡೆದು ಬಂದವಳು ನಾನು. ಇಂಥವರಿಂದ ಲೋಕಕ್ಕೆ ಉಪಕಾರವಾಗದಿದ್ದರೂ ಅಪಕಾರವಂತೂ ಆಗುವುದಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಹೋದ ರಜೆಯಲ್ಲಿ ಸಿಂಧು ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನು ಒರೆಸುತ್ತ, "ಆಯೀ, ಎಲ್ಲಾ ಡಬ್ಬಿ ಮ್ಯಾಲೂ ಒಬ್ಬರದ ಹೆಸರ ಐತಲ್ಲ, ಯಾರಿವರು? ಅಜ್ಜಾರ ಹೆಸರಂತೂ ಅಲ್ಲ" ಎಂದು ಕೇಳಿದಳು. ನಾನು "ಸಾರಿಗೆ ಉಪ್ಪು ಹಾಕೀನೋ ಇಲ್ಲೋ ನೋಡವಾ" ಎಂದು ಮಾತು ತಿರುಗಿಸಿದೆ. ಬಾಯಲ್ಲಿ ಹೇಳಲಾಗದ್ದನ್ನು ಈಗ ಬರೆದು ಹೇಳುತ್ತಿದ್ದೇನೆ.

ನಾನು ಕಲಿತದ್ದು ಮಂಗಳೂರಿನ ಸಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಮಂಗಳೂರೆಂದರೆ ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಲೆಕ್ಕ ನನಗೆ ಹತ್ತಲಿಲ್ಲ. ಅಕ್ಷರ ಮಾತ್ರ ದುಂಡಗೆ ಬರುತ್ತಿತ್ತು. ದೇವರು ನನಗೆ ಕೊಟ್ಟ ಒಂದೇ ಒಂದು ಅಹಂಕಾರ ಅದು. ಮದುವೆಯಾಗಿ ತಳಕಲ್‌ಗೆ ಬಂದ ಮೇಲೆ ಹಾಲಿನವನ ಲೆಕ್ಕ ಬರೆಯುವುದನ್ನು ಬಿಟ್ಟರೆ ಆ ಅಹಂಕಾರಕ್ಕೆ ಕೆಲಸವೇ ಇರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರಿಗೆ ಯಲಬುರ್ಗಾದ ಪತ್ತಿನ ಸಂಘದಲ್ಲಿದ್ದ ಷೇರು ನನ್ನ ಹೆಸರಿಗೆ ಬಂತು. ಸಂಘವಾದರೂ ನಾವೆಲ್ಲ ಅದನ್ನು ಬ್ಯಾಂಕೆಂದೇ ಕರೆಯುತ್ತಿದ್ದೆವು. ವರ್ಷಕ್ಕೊಮ್ಮೆ ಷೇರುದಾರರ ಮಹಾಸಭೆ. ಅದರ ಕಾರ್ಡು ನನ್ನ ಹೆಸರಿಗೇ ಅಂಚೆಯಲ್ಲಿ ಬಂದಾಗ ಅಂಚೆಯವನ ಎದುರೇ ಎರಡು ಸಲ ಓದಿಕೊಂಡೆ. ಅಲ್ಲಿಯವರೆಗೆ ನನ್ನ ಹೆಸರಿಗೆ ಒಂದು ಕಾಗದವೂ ಬಂದಿರಲಿಲ್ಲ.

ಮಹಾಸಭೆ ನಡೆಯುತ್ತಿದ್ದುದು ಕಲ್ಯಾಣ ಮಂಟಪದಲ್ಲಿ. ಬಾಗಿಲಲ್ಲಿ ಹಾಜರಿ ಪುಸ್ತಕ, ಒಳಗೆ ಗೋದಿ ಹುಗ್ಗಿಯ ವಾಸನೆ, ವೇದಿಕೆಯ ಪಕ್ಕದಲ್ಲಿ ಗೋಡೆಯೆತ್ತರಕ್ಕೆ ಪೇರಿಸಿದ ಸ್ಟೀಲ್ ಡಬ್ಬಿಗಳು. ಪ್ರತಿ ಡಬ್ಬಿಯ ಮೇಲೂ ಸಂಘದ ಹೆಸರು ಸಣ್ಣದಾಗಿ, ಅಧ್ಯಕ್ಷರ ಹೆಸರು ದೊಡ್ಡದಾಗಿ. ಅಧ್ಯಕ್ಷರು ಯಾವ ಪಕ್ಷದವರೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ, ಏಕೆಂದರೆ ಗೋಡೆಯ ಮೇಲಿನ ಫೋಟೊದಲ್ಲಿ ಅವರ ಪಕ್ಕಕ್ಕಿದ್ದ ಪುಢಾರಿ ಪ್ರತಿ ಚುನಾವಣೆಯ ನಂತರ ಬದಲಾಗುತ್ತಿದ್ದ. ಅವರು ಮಾತ್ರ ಅದೇ ನಗೆ ನಗುತ್ತ ನಿಂತಿರುತ್ತಿದ್ದರು. ಮೊದಲ ವರ್ಷ ನಾನು ಹಾಜರಿ ಹಾಕುವುದನ್ನು ಕಂಡ ಕಾರ್ಯದರ್ಶಿ, "ಏನ್ ಅಕ್ಷರ ಅಮ್ಮಾರ! ಮುತ್ತು ಪೋಣಿಸಿದಂಗ ಅದಾವು" ಎಂದರು. ಆಮೇಲೆ ಇನ್ನೊಂದು ದಪ್ಪ ಪುಸ್ತಕ ತಂದು, "ಇಲ್ಲೊಂದು ಸಹಿ ಮಾಡ್ರಿ. ಹೆಬ್ಬೆಟ್ಟು ನೋಡಿ ನೋಡಿ ನಮ್ಮ ಪುಸ್ತಕಕ್ಕೂ ಬ್ಯಾಸರ ಆಗೈತಿ" ಎಂದರು. ನಾನು ಸೆರಗು ಸರಿಮಾಡಿಕೊಂಡು, ಒತ್ತಕ್ಷರಕ್ಕೆ ಒತ್ತು, ದೀರ್ಘಕ್ಕೆ ದೀರ್ಘ ಕೊಟ್ಟು ಸಹಿ ಮಾಡಿದೆ. ಮೇಲೆ ಏನು ಬರೆದಿದೆ ಎಂದು ಓದಲಿಲ್ಲ. ಹೊಗಳಿದವರ ಎದುರು ಓದುತ್ತ ನಿಂತರೆ ಅನುಮಾನ ಪಟ್ಟಂತಾಗುತ್ತದಲ್ಲ! ಹೀಗೆ ಏಳು ವರ್ಷ, ಏಳು ಸಹಿ, ಏಳು ಡಬ್ಬಿ.

ಒಂದು ವರ್ಷ ಅಂದಾನಪ್ಪ ಮಾಸ್ತರರು, ನಿವೃತ್ತರು, ಬಡಕಲು ಮನುಷ್ಯ, ಎದ್ದು ನಿಂತರು. "ಅಧ್ಯಕ್ಷರ ಅಳಿಯಾನ ಹತ್ತಿ ಮಿಲ್ಲಿಗೆ ಜಾಮೀನಿಲ್ಲದ ಸಾಲ ಕೊಡಬೇಕಂತ ಠರಾವು ಬರದೀರಿ. ಇದು ಯಾರ ರೊಕ್ಕರೀ?" ಎಂದು ಕೇಳಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ "ಮಾಸ್ತರ, ಹುಗ್ಗಿ ಆರತೈತಿ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟೇ ಆಗಿದ್ದರೆ ಈ ಹಾಳೆ ಬರೆಯುತ್ತಿರಲಿಲ್ಲ. ತಳಕಲ್ ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಜನ್ಮದಲ್ಲಿ ಸಭೆಯೊಳಗೆ ಬಾಯಿ ತೆರೆಯದ ನಾನು ಅಂದು ತೆರೆದೆ. "ಬಸ್ಸು ಹೊಂಡತೈತಿ, ಕುಂದರ್ರಿ ಮಾಸ್ತರ" ಎಂದೆ. ಮೆಲ್ಲಗೇ ಅಂದೆ, ಆದರೆ ಮಾಸ್ತರರು ತಿರುಗಿ ನೋಡಿದರು. ಆಮೇಲೆ ಕುಳಿತರು. "ಎಲ್ಲಾರಿಗೂ ಒಪ್ಪಿಗಿ ಐತಲ್ರಿ?" ಎಂದು ಕಾರ್ಯದರ್ಶಿ ಕೇಳಿದರು, ಚಪ್ಪಾಳೆ ಬಿತ್ತು, ಊಟಕ್ಕೆ ಎದ್ದೆವು.

ಶರಣವ್ವ ನಿಮಗೆ ಗೊತ್ತು, ನಮ್ಮ ಮಗ್ಗುಲು ಮನೆಯವಳು, ನಿಮಗೆ ಶೇಂಗಾ ಉಂಡೆ ಕೊಡುವವಳು. ಸಾಲೆಯ ಬಿಸಿಯೂಟದ ಒಲೆಯ ಮುಂದೆ ವರ್ಷಗಟ್ಟಲೆ ಕುಕ್ಕರುಗಾಲಲ್ಲಿ ಕುಳಿತು ಅವಳ ಎರಡೂ ಮೊಣಕಾಲು ಸವೆದಿದ್ದವು. ಆಪರೇಷನ್ನಿಗೆಂದು ಕೂಡಿಸಿದ್ದ ಹಣವನ್ನು ಎಲ್ಲಿ ಇಡಲಿ ಎಂದು ಅವಳು ಕೇಳಿದ್ದು ನನ್ನನ್ನು. ಸಂಘದಲ್ಲಿ ಉಳಿದ ಕಡೆಗಿಂತ ಬಡ್ಡಿ ಹೆಚ್ಚು. "ಅವರ ಪುಸ್ತಕದಾಗ ನನ್ನ ಸಹಿನ ಐತಿ, ಅಂಜಬ್ಯಾಡ" ಎಂದು ನಾನೇ ಕರೆದುಕೊಂಡು ಹೋಗಿ ಠೇವಣಿ ಇಡಿಸಿದೆ. ಠೇವಣಿ ಇಟ್ಟವರಿಗೆ ಡಬ್ಬಿ ಇಲ್ಲ, ಷೇರುದಾರರಿಗಷ್ಟೇ. ಪಾಪ ಎನಿಸಿ ನನ್ನದರಲ್ಲೊಂದನ್ನು ಅವಳಿಗೆ ಕೊಟ್ಟೆ. ದಾನಶೂರೆಯಂತೆ ಆ ದಿನವೆಲ್ಲ ಓಡಾಡಿದೆ.

ಹೋದ ವರ್ಷ ಸಂಘದ ಬಾಗಿಲು ಮುಚ್ಚಿತು. ಮಿಲ್ಲಿನ ಸಾಲ ವಾಪಸು ಬಂದಿರಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಗೆ ವರ್ಗವಾಯಿತು, ಇನ್ನೊಬ್ಬರು ಬಂದರು, ಅವರಿಗೂ ಆಯಿತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಜನ ಎರಡು ದಿನ ಮಾತಾಡಿ, ಮೂರನೆಯ ದಿನ "ದೊಡ್ಡವರ ಉಸಾಬರಿ ನಮಗ್ಯಾಕ" ಎಂದು ಮಳೆಯ ವಿಷಯಕ್ಕೆ ಹೊರಳಿದರು. ನಾನು ಶರಣವ್ವನನ್ನು ಕರೆದುಕೊಂಡು ಕಾರ್ಯದರ್ಶಿಯ ಮನೆಗೆ ಹೋದೆ. ಅವರು ಬೈಯಲಿಲ್ಲ, ಕುರ್ಚಿ ಕೊಟ್ಟರು. ತಮ್ಮಲ್ಲಿದ್ದ ಠರಾವಿನ ನಕಲು ತಂದು ಕೈಗಿಟ್ಟು, "ನನ್ನ ಯಾಕ ಕೇಳ್ತೀರಿ ಅಮ್ಮಾರ? ನೀವ ಅನುಮೋದನೆ ಕೊಟ್ಟೀರಿ ನೋಡ್ರಿ" ಎಂದರು. ಮಿಲ್ಲಿಗೆ ಜಾಮೀನಿಲ್ಲದೆ ಸಾಲ ಕೊಡುವ ಠರಾವು. ಕೆಳಗೆ ಅನುಮೋದಕರು ಎಂಬಲ್ಲಿ ನನ್ನ ಸಹಿ. ಒಂದು ಕೊಂಬೂ ತಪ್ಪಿರಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಶರಣವ್ವ ಬೇರೆ ಸೀಟಿನಲ್ಲಿ ಕುಳಿತಳು. ನಾಲ್ಕು ದಿನ ನಮ್ಮ ಮನೆಯ ಕಡೆ ಹಾಯಲಿಲ್ಲ. ಐದನೆಯ ದಿನ ಗೋಡೆ ಹಿಡಿದು ಹಿಡಿದು ಬಂದಳು. ಕೈಯಲ್ಲಿ ನಾನು ಕೊಟ್ಟ ಡಬ್ಬಿ.

"ಇದನ್ನ ನೀನ ಇಟಗೋ ಯಕ್ಕಾ. ಒಗ್ಗರಣಿಗೆ ಸಾಸಿವಿ ತಗೀವಾಗೆಲ್ಲ ಆ ಮನಶ್ಯಾನ ಹೆಸರು ನೋಡಬೇಕಾಗತೈತಿ. ಸಾಸಿವಿಕಿಂತ ಮದ್ಲ ನಾನ ಚಟಪಟ ಅಂತೀನಿ."

ತೆಗೆದುಕೊಂಡೆ. ಭಾರವಿತ್ತು. ಮುಚ್ಚಳ ತೆಗೆದರೆ ತುಂಬ ಅಗಸಿ ಚಟ್ನಿಪುಡಿ.

"ಇದ್ಯಾಕ ಶರಣವ್ವಾ?"

"ಬರೇ ಡಬ್ಬಿ ಹೆಂಗ ಹೊಳ್ಳಿ ಕೊಡ್ಲಿ? ನಮ್ಮವ್ವ ಹಂಗ ಕಲಿಸಿಲ್ಲ" ಎಂದಳು. ನಾನು ಒಲೆಯ ಕಡೆ ಮುಖ ಮಾಡಿ ಅತ್ತೆ. ಅವಳು ಹಿಂದಿನಿಂದ, "ಅಳೋದು ಆಮ್ಯಾಲೆ ಆಗತೈತಿ. ಛಂದ ಅಕ್ಷರ ಅದಾವಲ್ಲ, ನಂದೊಂದು ಅರ್ಜಿ ಬರಿ" ಎಂದಳು.

ಬರೆದೆ. ಅವಳದು ಬರೆದೆ, ಓಣಿಯವರದೆಲ್ಲ ಬರೆದೆ. ಕೊಪ್ಪಳದ ಸಹಕಾರ ಇಲಾಖೆಯ ಕಚೇರಿಗೆ ಕೊಡಲು ಹೋದಾಗ ಅಲ್ಲಿಯ ಗುಮಾಸ್ತನೂ "ಅಕ್ಷರ ಭಾಳ ಛಲೋ ಅದಾವ್ರಿ" ಎಂದ. ಈ ಸಲ ನನಗೆ ಮೈ ಉರಿಯಿತು.

ಕಳೆದ ತಿಂಗಳು ಕೊನೆಯ ಸಭೆ ಕರೆದರು. ಷೇರಿಲ್ಲದಿದ್ದರೂ ಶರಣವ್ವ ನನ್ನ ಜೊತೆ ಬಂದಳು. ಹುಗ್ಗಿ ಇಲ್ಲ, ಡಬ್ಬಿ ಇಲ್ಲ. ಹಾಗಾಗಿ ಜನವೂ ಇಲ್ಲ. ಬಂದವರು ಒಂದು ಬಸ್ಸಿನ ಅರ್ಧದಷ್ಟು. ಅಂದಾನಪ್ಪ ಮಾಸ್ತರರ ಕುರ್ಚಿ ಖಾಲಿ, ಅವರು ದೀಪಾವಳಿಗೆ ಮೊದಲೇ ತೀರಿಕೊಂಡಿದ್ದರು. ಹೊಸ ಅಧಿಕಾರಿ ಪುಸ್ತಕ ಮುಂದಿಟ್ಟು, "ಎಲ್ಲಾರೂ ಸಹಿ ಮಾಡಿ ಹೋಗ್ರಿ" ಎಂದರು. ಶರಣವ್ವ ನನ್ನ ಪಕ್ಕೆಗೆ ತಿವಿದಳು. ಎದ್ದೆ.

"ಸಾಹೇಬ್ರ, ಮದ್ಲ ಓದಿ ಹೇಳ್ರಿ. ಆಮ್ಯಾಲೆ ಸಹಿ."

ಅಧಿಕಾರಿ ಕನ್ನಡಕ ಹುಡುಕುತ್ತಿರುವಾಗ ಹಿಂದಿನ ಸಾಲಿನಲ್ಲಿ ನನ್ನ ವಯಸ್ಸಿನವಳೊಬ್ಬಳು, ಕೈಚೀಲ ಮಡಿಲಲ್ಲಿಟ್ಟುಕೊಂಡು ಕುಳಿತವಳು, ಮೆಲ್ಲಗೆ ಅಂದಳು: "ಬಸ್ಸು ಹೊಂಡತೈತಿ, ಕುಂದರಬೇ ಯಕ್ಕಾ."

ನಾನು ತಿರುಗಿ ನೋಡಿದೆ. ಮಾಸ್ತರರು ನೋಡಿದ್ದ ಹಾಗೆಯೇ ನೋಡಿರಬೇಕು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಯಾವ ಹಕ್ಕಿದೆ?

ಅಧಿಕಾರಿ ಓದಿದರು. ಮಿಲ್ಲಿನವರಿಗೆ ಸಾಲ ತೀರಿಸಲು ಇನ್ನೂ ಐದು ವರ್ಷ ಕಾಲಾವಕಾಶ. ಠೇವಣಿದಾರರ ವಿಷಯ ಆಮೇಲೆ. ನಾನು ಸಹಿ ಮಾಡಲಿಲ್ಲ. ಉಳಿದ ಷೇರುದಾರರು ಮಾಡಿದರು, ಠರಾವು ಪಾಸಾಯಿತು. ಬಸ್ಸೂ ತಪ್ಪಿತು. ಮುಂದಿನ ಬಸ್ಸಿಗಾಗಿ ಕಟ್ಟೆಯ ಮೇಲೆ ಕುಳಿತಾಗ ಶರಣವ್ವ ತನ್ನ ಮೊಣಕಾಲು ತಿಕ್ಕಿಕೊಳ್ಳುತ್ತ, "ಏಳು ವರ್ಷ ತಡಾ ಮಾಡಿ ಎದ್ದಿ, ಆದ್ರೂ ಎದ್ದಿ ಬಿಡು" ಎಂದಳು. ಅದು ಸಮಾಧಾನವೋ ಬೈಗುಳವೋ ನನಗೆ ಇನ್ನೂ ತಿಳಿದಿಲ್ಲ.

ಮಕ್ಕಳೇ, ಚಟ್ನಿಪುಡಿ ತೀರಿ ಡಬ್ಬಿ ಖಾಲಿಯಾಗಿದೆ. ಈ ಹಾಳೆಗಳನ್ನು ಅದರಲ್ಲಿ ಇಡುತ್ತೇನೆ. ಜೋಪಾನ ಮಾಡಿ, ಇಲಿ ಜಿರಳೆ ಮುಟ್ಟುವುದಿಲ್ಲ. ಆ ಸಂಘದವರು ಕೊಟ್ಟದ್ದರಲ್ಲಿ ನಂಬಬಹುದಾದದ್ದು ಇದರ ಮುಚ್ಚಳ ಒಂದೇ. ಅಕ್ಷರ ಛಂದ ಇವೆ ಎಂದು ಮಾತ್ರ ಯಾರೂ ಹೇಳಬೇಡಿ. ಕೆಳಗೆ ನನ್ನ ಸಹಿ ಇದೆ. ಮೇಲೆ ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ ಮೇಲೆಯೇ ಹಾಕಿದ್ದೇನೆ.