ಹಗ್ಗ ಹಿಡಿದ ಕಾಕಾ

ಇಪ್ಪತ್ತು ವರ್ಷ ನೌಕಾಪಡೆಯಲ್ಲಿದ್ದು ನಮ್ಮ ಕಾಕಾ ಮಾಡಿದ ಕೆಲಸ ಒಂದೇ: ಹಗ್ಗ ಹಿಡಿದು ನಿಲ್ಲುವುದು! "ನಮ್ಮೂರಾಗ ಎಮ್ಮಿ ಕಾಯೋರೂ ಅದನ್ನ ಮಾಡತಾರ. ಅವರಿಗೆ ಯಾರೂ ಪೆನ್ಶನ್ ಕೊಡೂದಿಲ್ಲ ನೋಡ್ರಿ," ಎಂದು ಅವರ ಹೆಂಡತಿ, ನಮ್ಮ ಕಾಕು, ಅಣಕಿಸುತ್ತಿದ್ದರು. ಈ ಮಾತು ಬರೆಯುವಾಗ ನನಗೆ ನಗು ಬರಬೇಕು. ಕಾಕು ಇಲ್ಲದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ, ಬರುತ್ತಿಲ್ಲ.

ಕಾಕಾ ಇದ್ದದ್ದು ಡೈವರುಗಳ ಹಡಗಿನಲ್ಲಿ. ಸಮುದ್ರದಡಿ ಹುದುಗಿಸಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವವರು ಇವರು. ಅವರ ಗಾಳಿ, ಊಟ, ಡಾಕ್ಟರು ಎಲ್ಲವನ್ನೂ ಹೊತ್ತು ತಿರುಗುವುದು ಆ ಹಡಗಿನ ಕೆಲಸ. ಒಬ್ಬ ಡೈವರ್ ನೀರಿಗಿಳಿದರೆ ಅವನ ಸೊಂಟದ ಹಗ್ಗದ ಇನ್ನೊಂದು ತುದಿ ಮೇಲೆ ಕಾಕಾನ ಕೈಯಲ್ಲಿ. ಮೇಲಿನಿಂದ ಒಮ್ಮೆ ಜಗ್ಗಿದರೆ 'ಹುಷಾರಿದ್ದೀಯಾ?' ಕೆಳಗಿನಿಂದ ಒಮ್ಮೆ ಜಗ್ಗಿದರೆ 'ಹುಷಾರಿದ್ದೇನೆ.' ನಾಲ್ಕು ಸಲ ಜಗ್ಗಿದರೆ 'ಮೇಲೆ ಬರುತ್ತೇನೆ, ಎಳೆದುಕೋ.' ಹಗ್ಗವನ್ನು ಕೆಳಗಿಡುವಂತಿಲ್ಲ. ಬಿಡುವುದಾದರೆ ಇನ್ನೊಬ್ಬರ ಕೈಗೇ ಕೊಟ್ಟು ಬಿಡಬೇಕು. ಇಷ್ಟೇ ಅವರ ವೇದ!

ನಿವೃತ್ತರಾಗಿ ವಾಕಡದ ಫ್ಲ್ಯಾಟಿಗೆ ಬಂದ ಮೇಲಾದರೂ ಹಗ್ಗ ಬಿಡಬೇಕಲ್ಲ? ಕಾಕು ಸ್ನಾನಕ್ಕೆ ಹೋದರೆ ಹೊರಗಿನಿಂದ ಗೋಡೆಗೆ ಒಮ್ಮೆ ಕುಟ್ಟುವರು. ಒಳಗಿನಿಂದ ಕಾಕು ತಂಬಿಗೆಯಿಂದ ಒಮ್ಮೆ ಕುಟ್ಟಬೇಕು. ಒಂದು ದಿನ ತಲೆಗೆ ಸೀಗೆಪುಡಿ ಹಚ್ಚಿಕೊಂಡಿದ್ದ ಕಾಕು ಉತ್ತರ ಕೊಡಲಿಲ್ಲ. ಕಾಕಾ ಬಾಗಿಲಿಗೆ ಹೆಗಲು ಕೊಟ್ಟು ಚಿಲಕವನ್ನೇ ಮುರಿದರು! "ಬಚ್ಚಲದಾಗರೆ ನನ್ನ ಪಾಡಿಗೆ ನನ್ನ ಬಿಡ್ರೀ!" ಎಂದು ಕಾಕು ಕೂಗಿದ್ದು ನಾಲ್ಕು ಮಹಡಿಗೂ ಕೇಳಿತು. ಆ ಚಿಲಕ ಇವತ್ತಿಗೂ ಸಡಿಲ.

ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಅವರ ಅಣ್ಣನ ಮಗಳಾದ ನಾನು ಅವರ ಮನೆ ಸೇರಿದಾಗ ನನಗೂ ಗೋಡೆ ಕುಟ್ಟುವ ಸೇವೆ ಶುರುವಾಯಿತು. "ಕಾಕಾ, ನಾ ಏನ್ ಬಾಂಬ್ ತಗ್ಯಾಕ ಇಳದೇನೇನ್ರಿ?" ಎಂದು ರೇಗಿದೆ. "ನೀರಿಗಿಳದವರೆಲ್ಲಾ ಒಂದ ನೋಡವಾ," ಎಂದರು. ನಾನು ಒಂದು ದಿನವೂ ತಿರುಗಿ ಕುಟ್ಟಲಿಲ್ಲ. ನಾನು ಹಾಡು ಗುನುಗುವುದು ಕೇಳಿಸಿದರೆ ಅದನ್ನೇ ಉತ್ತರವೆಂದು ತಿಳಿದು ಹೋಗುತ್ತಿದ್ದರು ಪಾಪ.

ಸೊಸೈಟಿಯ ನೀರಿನ ಟಾಕಿ ತೊಳೆಯಲು ಬಂದವನ ಕಥೆ ಕೇಳಿ. ಕಾಕಾ ಅವನ ಸೊಂಟಕ್ಕೆ ಹಗ್ಗ ಬಿಗಿದರು. "ಕಾಕಾ, ಪಾಣೀ ಗುಡಘ್ಯಾಪರ್ಯಂತ ಪಣ ನಾಹೀ!" ಎಂದು ಅವನು ಮರಾಠಿಯಲ್ಲಿ ಗೋಗರೆದ. ಮೊಣಕಾಲಷ್ಟೂ ನೀರಿಲ್ಲದಿದ್ದರೇನು, ನಿಯಮ ನಿಯಮವೇ! ನಡುವೆ ಕಾಕಾನಿಗೆ ಮೂತ್ರಕ್ಕೆ ಅವಸರವಾಯಿತು. ಆಫೀಸಿಗೆ ಹೊರಟಿದ್ದ ಸೊಸೈಟಿ ಚೇರ್ಮನ್ನರ ಕೈಗೆ ಹಗ್ಗ ಕೊಟ್ಟು, "ಸೋಡೂ ನಕಾ," ಎಂದು ಹೇಳಿ ಹೋದರು. ಬಿಡಬೇಡಿ ಎಂದರೆ ಬಿಡುವ ಧೈರ್ಯ ಯಾರಿಗಿದೆ? ಟೈ ಕಟ್ಟಿದ ಚೇರ್ಮನ್ನರು ಬಿಸಿಲಲ್ಲಿ ಹಗ್ಗ ಹಿಡಿದು ನಿಂತೇ ಇದ್ದರು.

ಆಮೇಲೆ ಕಾಕುಗೆ ಲಕ್ವಾ ಹೊಡೆಯಿತು. ಮಾತು ನಿಂತಿತು, ಎಡಗೈಯೊಂದು ಮಾತ್ರ ಉಳಿಯಿತು. ಆಸ್ಪತ್ರೆಯಲ್ಲಿ ಕಾಕಾ ಆ ಕೈ ಹಿಡಿದು ಕೂತರು. ಒಮ್ಮೆ ಒತ್ತುವರು, ಕಾಕು ತಿರುಗಿ ಒಮ್ಮೆ ಒತ್ತುವರು. "ಹುಷಾರದಾಳ!" ಎಂದು ಡಾಕ್ಟರಿಗೇ ವರದಿ ಕೊಡುವರು. ಊಟಕ್ಕೆ ಏಳಬೇಕಾದರೆ ಆ ಕೈಯನ್ನು ನನ್ನ ಕೈಗೆ ಕೊಟ್ಟೇ ಏಳುವರು. ದಿನ ಕಳೆದಂತೆ ಉತ್ತರ ಬರುವುದು ತಡವಾಗತೊಡಗಿತು. ಕಾಯುತ್ತಿದ್ದ ಕಾಕಾನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಔಷಧಿ ತರಲು ಎದ್ದರು. "ಬಿಡಬ್ಯಾಡವಾ," ಎಂದು ಕೈ ಕೊಟ್ಟು ಹೋದರು. ನಾನು ಒಮ್ಮೆ ಒತ್ತಿದೆ. ಉತ್ತರವಿಲ್ಲ. ಮತ್ತೊಮ್ಮೆ ಒತ್ತಿದೆ. ನರ್ಸು ಓಡಿ ಬಂದಳು, ಡಾಕ್ಟರನ್ನು ಕರೆದಳು, ಅವರು ನೋಡಿ ತಲೆ ಅಲ್ಲಾಡಿಸಿದರು. ಕಾಕಾ ಬಂದಾಗಲೂ ನಾನು ಆ ಕೈ ಹಿಡಿದೇ ಇದ್ದೆ.

"ಕಡೀಕ ಏನರೆ ಹೇಳಿದ್ಲೇನು?"

"ನಾಕು ಸಲ ಒತ್ತಿದ್ರು ಕಾಕಾ."

"ನಾಕು?"

"ಎಣಿಸೇನ್ರಿ. ನಾಕು."

"ಹಂಗಾರ ಮ್ಯಾಲ ಬಂದ್ಲು ಬಿಡು," ಎಂದು ಕಾಕಾ ಆ ಕೈಯನ್ನು ನನ್ನಿಂದ ತೆಗೆದುಕೊಂಡು ಮೆಲ್ಲಗೆ ಹಾಸಿಗೆಯ ಮೇಲಿಟ್ಟರು. ಅವರು ಹಗ್ಗ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಹೇಳಿದ್ದು ಸುಳ್ಳು. ಸತ್ಯ ಹೇಳುವ ಧೈರ್ಯ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಹದಿಮೂರನೆಯ ದಿನ ಕಳೆದ ಮರುದಿನ ಚಹಾ ಸೋಸುತ್ತಾ ಕಾಕಾ ತಾವಾಗಿಯೇ ಅಂದರು, "ನಾಕು ಸಲ ಒತ್ತಾಕ ಭಾಳ ತ್ರಾಣ ಬೇಕವಾ. ಆಕಿಗೆ ಒಂದಕ್ಕೂ ತ್ರಾಣ ಇರಲಿಲ್ಲ." ನಾನು ತಲೆ ತಗ್ಗಿಸಿದೆ. ಅವರು ನನ್ನ ಬಟ್ಟಲಿಗೆ ಸಕ್ಕರೆ ಹಾಕಿ ಕಲಕಿ ಮುಂದಿಟ್ಟರು.

ಕಾಕು ಹೋದಂದಿನಿಂದ ಬಚ್ಚಲ ಗೋಡೆ ಸುಮ್ಮನಾಗಿತ್ತು. ಅಂದು ಸ್ನಾನಕ್ಕೆ ಹೋದವಳು ಕಾದೆ. ಹೊರಗೆ ಸದ್ದಿಲ್ಲ. ಕಾಕುವಿನ ತಂಬಿಗೆ ತೆಗೆದುಕೊಂಡು, ಈ ಸಲ ನಾನೇ ಗೋಡೆಗೆ ಒಮ್ಮೆ ಕುಟ್ಟಿದೆ.

ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಒಮ್ಮೆ ಕುಟ್ಟಿದ ಸದ್ದು ಬಂತು.